ಮಾತಾಡುವವರನ್ನು ಬಿಟ್ಟು ಕೇಳಿಸಿಕೊಳ್ಳುವವರನ್ನು ನೋಡಿ: ಸ್ಟಾರ್ ಟ್ರೆಕ್ ಜೊತೆ ನನ್ನ ಅನುಭವ

‘ಎಂಟರ್‌ಪ್ರೈಸ್’ ಅನ್ನುವ ಬಾಹ್ಯಾಕಾಶ ಹಡಗಿನ ಕಥೆ ಹೇಳುವ ಮೂಲ ಸ್ಟಾರ್ ಟ್ರೆಕ್ ಟಿವಿ ಸರಣಿಯಲ್ಲಿ ಇರುವುದು ಒಟ್ಟು 79 ಎಪಿಸೋಡು. 1966ರ ಸೆಪ್ಟೆಂಬರ್ 8ಕ್ಕೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾಗಿ 1969ರ ಜೂನ್ 3ಕ್ಕೆ ಮುಗಿಯಿತು. ಪಟ್ಟು ಹಿಡಿದು ಕೂತರೆ ಬೇಗ ನೋಡಿ ಮುಗಿಸಬಹುದು. ಅಭಿಮಾನಿಯ ಪಾಡು ಶುರುವಾಗುವುದು ಮುಗಿದ ಮೇಲೆ. ಕಥೆಗಳೆಲ್ಲ ಬಾಯಿಪಾಠವಾಗಿರುತ್ತವೆ. ಯಾವ ಗ್ರಹದಲ್ಲಿ ಯಾರು ಸಾಯುತ್ತಾರೆ, ಕೊನೇ ಗಳಿಗೆಯಲ್ಲಿ ಎಂಜಿನಿಯರ್ ಸ್ಕಾಟಿ ಎಂಜಿನ್ ಹೇಗೆ ಸರಿಮಾಡುತ್ತಾನೆ, ಎಲ್ಲ ಗೊತ್ತು. ಆದರೂ ಕ್ಯಾಪ್ಟನ್ ಕರ್ಕ್, ಅವನ ವಿಜ್ಞಾನ ಅಧಿಕಾರಿ ಸ್ಪಾಕ್, ಹಡಗಿನ ಡಾಕ್ಟರ್ ಮೆಕಾಯ್ ಇವರ ಜೊತೆ ಇನ್ನಷ್ಟು ಹೊತ್ತು ಇರಬೇಕು ಅನ್ನಿಸುತ್ತದೆ. ಆಮೇಲೆ ಬಂದ ಸರಣಿಗಳು, ಸಿನಿಮಾಗಳು ಬೇಕಾದಷ್ಟಿವೆ, ಅವುಗಳಲ್ಲಿ ಕೆಲವು ಇದಕ್ಕಿಂತ ಚೆನ್ನಾಗಿಯೂ ಇವೆ. ನನಗೆ ಬೇಕಾಗಿದ್ದದ್ದು ಮಾತ್ರ ಇದೇ ಹಡಗು, ಇದೇ ಜನ.

ಅದಕ್ಕೆ ನಾನೇ ಒಂದು ಕ್ರಮ ಮಾಡಿಕೊಂಡೆ. ಪ್ರತಿ ಸುತ್ತಿಗೆ ಒಬ್ಬರೇ. ಈ ಸುತ್ತು ಸ್ಪಾಕ್‌ನದು ಅಂದರೆ, ಅವನು ಚೌಕಟ್ಟಿನಲ್ಲಿ ಇರುವಷ್ಟು ಹೊತ್ತೂ ಕಣ್ಣು ಅವನ ಮೇಲೆಯೇ ಇರಬೇಕು, ಕರ್ಕ್ ಎಂಥ ಭಾಷಣ ಹೊಡೆಯುತ್ತಿದ್ದರೂ ಸರಿ. ಪಕ್ಕದಲ್ಲಿ ಒಂದು ನೋಟ್‌ಬುಕ್. ಅದರಲ್ಲಿ ಬರೆಯುವುದಕ್ಕೆ ಒಂದೇ ನಿಯಮ: ಕಂಡದ್ದನ್ನು ಬರೆಯಬೇಕು, ಅನ್ನಿಸಿದ್ದನ್ನಲ್ಲ. ‘ಸ್ಪಾಕ್‌ಗೆ ಬೇಜಾರಾಯಿತು’ ಅಂತ ಬರೆದರೆ ಅದು ನನ್ನ ಮನಸ್ಸಿನ ಮಾತು. ‘ಉತ್ತರ ಕೊಡುವ ಮೊದಲು ಉಪಕರಣದ ಕಡೆ ತಿರುಗಿದ, ಬೆನ್ನು ಹಾಕಿಯೇ ಮಾತಾಡಿದ’ ಅಂತ ಬರೆದರೆ ಅದು ನಟ ಮಾಡಿದ್ದು. ಈ ಎರಡನೆಯದನ್ನು ಪುಟಗಟ್ಟಲೆ ಕೂಡಿಸಿಟ್ಟುಕೊಂಡಾಗ, ಈ ಪಾತ್ರಗಳು ಯಾಕೆ ಇಷ್ಟು ಹಚ್ಚಿಕೊಂಡಿವೆ ಅನ್ನುವುದು ತಾನಾಗಿ ಬಿಚ್ಚಿಕೊಳ್ಳತೊಡಗಿತು. ಮುಖ್ಯವಾಗಿ ಒಂದು ವಿಷಯ. ಈ ಸರಣಿಯಲ್ಲಿ ಪ್ರೀತಿ ಹುಟ್ಟುವುದು ಮಾತಾಡುವವರಿಂದಲ್ಲ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವರಿಂದ.

ನೋಡುವ ಅನುಕ್ರಮದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ನನಗೆ ಹಟ ಇದೆ. ಪ್ರಸಾರವಾದ ಕ್ರಮ ಬೇಡ, ಚಿತ್ರೀಕರಣವಾದ ಕ್ರಮದಲ್ಲೇ ನೋಡಬೇಕು. ಎನ್‌ಬಿಸಿ ಮೊದಲು ತೋರಿಸಿದ್ದು ‘ದಿ ಮ್ಯಾನ್ ಟ್ರ್ಯಾಪ್’, ಉಪ್ಪು ಹೀರುವ ಪ್ರಾಣಿಯ ಕಥೆ. ಅಷ್ಟು ಹೊತ್ತಿಗೆ ಬೇರೆ ಎಪಿಸೋಡುಗಳ ಚಿತ್ರೀಕರಣ ಮುಗಿದಿತ್ತು, ಪಾತ್ರಗಳು ಆಗಲೇ ಒಂದು ಹದಕ್ಕೆ ಬಂದಿದ್ದವು. ಆ ಹದ ಹೇಗೆ ಬಂತು ಅಂತ ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು. ಸರಣಿಯನ್ನು ಹುಟ್ಟುಹಾಕಿದ ಜೀನ್ ರಾಡನ್‌ಬೆರಿ ಮೊದಲು ಮಾಡಿದ ಪೈಲಟ್ (ವಾಹಿನಿಗೆ ತೋರಿಸುವ ಮಾದರಿ ಎಪಿಸೋಡು) ‘ದಿ ಕೇಜ್’ನಲ್ಲಿ ಕರ್ಕ್ ಇಲ್ಲವೇ ಇಲ್ಲ. ಕ್ಯಾಪ್ಟನ್ ಪೈಕ್ ಆಗಿ ಜೆಫ್ರಿ ಹಂಟರ್ ಇದ್ದಾರೆ. ಅದರಲ್ಲಿ ಸ್ಪಾಕ್ ಇದ್ದಾನೆ, ಆದರೆ ಅದು ನಮ್ಮ ಸ್ಪಾಕ್ ಅಲ್ಲ. ಗುಂಯ್‌ಗುಡುವ ಗಿಡದ ಎಲೆಯನ್ನು ಹಿಡಿದು ಹಲ್ಲು ಕಾಣುವ ಹಾಗೆ ನಗುತ್ತಾನೆ, ಗಾಬರಿಯಾದಾಗ ಕೂಗುತ್ತಾನೆ. ವಾಹಿನಿಯವರು ಇದು ತೀರಾ ಬುದ್ಧಿಗೆ ಕೆಲಸ ಕೊಡುವಂಥದ್ದಾಯಿತು ಅಂತ ಬೇಡವೆಂದರು, ಆದರೆ ಇನ್ನೊಂದು ಪೈಲಟ್ ಮಾಡಿ ಅಂತಲೂ ಹೇಳಿದರು. ಎರಡನೆಯದರಲ್ಲಿ ಕರ್ಕ್ ಆಗಿ ವಿಲಿಯಂ ಶಾಟ್ನರ್ ಬಂದರು. ಮೊದಲ ಪೈಲಟ್‌ನಿಂದ ಇಲ್ಲಿಗೆ ದಾಟಿದ ಪಾತ್ರ ಸ್ಪಾಕ್ ಒಬ್ಬನೇ. ಇದರಲ್ಲಿ ಮೆಕಾಯ್ ಇಲ್ಲ, ಡಾಕ್ಟರ್ ಬೇರೆ. ಸಂಪರ್ಕ ಅಧಿಕಾರಿ ಉಹುರಾ ಇಲ್ಲ. ಸುಲು ಇದ್ದಾನೆ, ಆದರೆ ಹಡಗು ನಡೆಸುವ ಜಾಗದಲ್ಲಲ್ಲ. ಕರ್ಕ್‌ಗೆಂದು ನೆಟ್ಟ ಸಮಾಧಿ ಕಲ್ಲಿನ ಮೇಲೆ ‘ಜೇಮ್ಸ್ ಆರ್. ಕರ್ಕ್’ ಎಂದಿದೆ, ಆಮೇಲೆ ಅದು ‘ಟಿ’ ಆಯಿತು, ಯಾರೂ ಕಾರಣ ಕೊಡಲಿಲ್ಲ. ಇಂಥವನ್ನು ಹೆಕ್ಕಿ ನಗುವುದು ಅಭಿಮಾನಿಗಳಿಗೆ ಹುಟ್ಟುಗುಣ.

ಸ್ಪಾಕ್ ಸ್ಪಾಕ್ ಆದದ್ದು ಮಾಮೂಲು ಎಪಿಸೋಡುಗಳಲ್ಲಿ ಮೊದಲು ಚಿತ್ರೀಕರಿಸಿದ ‘ದಿ ಕಾರ್ಬೊಮೈಟ್ ಮನೂವರ್’ನಲ್ಲಿ. ತೆರೆಯ ಮೇಲೆ ವಿಚಿತ್ರವಾದದ್ದೇನೋ ಕಾಣಿಸುತ್ತದೆ, ಎಲ್ಲರೂ ಕಂಗಾಲು. ಸ್ಪಾಕ್ ಪಾತ್ರದ ಲೆನರ್ಡ್ ನಿಮೋಯ್ ಹೇಳಬೇಕಾದ ಮಾತು ಒಂದೇ ಒಂದು ಪದ, ‘ಫ್ಯಾಸಿನೇಟಿಂಗ್’. ಅದನ್ನು ಅವರೂ ಉಳಿದವರ ಧಾಟಿಯಲ್ಲೇ ಹೇಳಲು ಹೋದಾಗ ನಿರ್ದೇಶಕ ಜೋಸೆಫ್ ಸಾರ್ಜೆಂಟ್ ತಡೆದು, ನೀವು ವಿಜ್ಞಾನಿ, ಎಲ್ಲರಿಗಿಂತ ಬೇರೆಯಾಗಿರಿ, ತಣ್ಣಗಿರಿ ಅಂದರಂತೆ. ನಿಮೋಯ್ ತಾವೇ ಈ ಪ್ರಸಂಗವನ್ನು ಹಲವು ಸಲ ಹೇಳಿಕೊಂಡಿದ್ದಾರೆ. ಇದನ್ನು ತಿಳಿದುಕೊಂಡು ಆ ದೃಶ್ಯ ನೋಡಿ. ಆಮೇಲೆ ಒಂದೊಂದೇ ಮುಂದಕ್ಕೆ ಹೋಗಿ. ಒಬ್ಬ ನಟ ತನ್ನ ಮೈಯಿಂದ ಒಂದೊಂದೇ ಚಲನೆಯನ್ನು ಕಳೆಯುತ್ತಾ ಬರುವುದು ಕಣ್ಣಿಗೇ ಕಾಣುತ್ತದೆ. ‘ದಿ ಎನಿಮಿ ವಿದಿನ್’ನಲ್ಲಿ ಸ್ಪಾಕ್ ಬಂದೂಕಿನ ಹಿಂಬದಿಯಿಂದ ಹೊಡೆಯುತ್ತಾನೆ ಅಂತ ಚಿತ್ರಕಥೆಯಲ್ಲಿತ್ತು. ವಲ್ಕನ್ (ಸ್ಪಾಕ್‌ನ ಅನ್ಯಗ್ರಹದ ಕುಲದವನು) ಹಾಗೆ ಗುದ್ದಾಡುವವನಲ್ಲ ಅಂತ ನಿಮೋಯ್, ಕತ್ತಿನ ಬುಡ ಹಿಡಿದು ಮೂರ್ಛೆ ಹೋಗಿಸುವ ಉಪಾಯ ಸೂಚಿಸಿದರು. ಎರಡನೇ ಸೀಸನ್ನಿನ ‘ಅಮೋಕ್ ಟೈಮ್’ಗೆ ಬೆರಳು ಕವಲಾಗಿಸಿ ಕೈ ಎತ್ತುವ ವಂದನೆಯನ್ನೂ ಅವರೇ ತಂದರು. ಚಿಕ್ಕಂದಿನಲ್ಲಿ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಆಶೀರ್ವದಿಸುವಾಗ ನೋಡಿದ್ದ ಕೈ ಅದು.

ಸ್ಪಾಕ್‌ನ ಸುತ್ತಿನಲ್ಲಿ ನನ್ನ ನೋಟ್‌ಬುಕ್ಕಿನ ಅತ್ಯಂತ ಉದ್ದನೆಯ ಟಿಪ್ಪಣಿ ‘ಬ್ಯಾಲೆನ್ಸ್ ಆಫ್ ಟೆರರ್’ದು. ಶತ್ರುಗಳಾದ ರೊಮ್ಯುಲನ್ನರನ್ನು ಅಲ್ಲಿಯವರೆಗೆ ಯಾವ ಮನುಷ್ಯನೂ ನೋಡಿಲ್ಲ. ಶತ್ರು ಹಡಗಿನ ಒಳಗಿನ ಚಿತ್ರ ತೆರೆಯ ಮೇಲೆ ಮೂಡುತ್ತದೆ, ಕಮಾಂಡರನ ಮುಖ ಕಾಣುತ್ತದೆ, ನೋಡಿದರೆ ಅವನ ಕಿವಿಯೂ ಸ್ಪಾಕ್‌ನ ಕಿವಿಯ ಹಾಗೇ ಚೂಪು. ಸ್ಟೈಲ್ಸ್ ಅನ್ನುವ ಅಧಿಕಾರಿ ತಲೆ ತಿರುಗಿಸಿ ಸ್ಪಾಕ್‌ನ ಕಡೆ ನೋಡುತ್ತಾನೆ. ಅಲ್ಲಿಂದ ಎಪಿಸೋಡಿನ ಉದ್ದಕ್ಕೂ ಸ್ಟೈಲ್ಸ್ ಕುಟುಕುತ್ತಲೇ ಇರುತ್ತಾನೆ, ಸ್ಪಾಕ್ ಕೇಳಿಸಿಕೊಳ್ಳುತ್ತಲೇ ಇರುತ್ತಾನೆ. ಎದುರು ಮಾತಿಲ್ಲ. ಕಥೆಗಾಗಿ ನೋಡುವಾಗ ಇದು ಎರಡು ಹಡಗುಗಳ ಬೇಟೆಯಾಟ. ಸ್ಪಾಕ್‌ಗಾಗಿ ನೋಡುವಾಗ, ತಾನು ದಿನಾ ಕೆಲಸ ಮಾಡುವ ಕೋಣೆಯಲ್ಲೇ ಒಬ್ಬ ಇದ್ದಕ್ಕಿದ್ದ ಹಾಗೆ ಹೊರಗಿನವನಾಗುವುದು. ಅದೇ ಸ್ಟೈಲ್ಸ್‌ನನ್ನು ಕೊನೆಗೆ ಸ್ಪಾಕ್ ಉಳಿಸುತ್ತಾನೆ ಅನ್ನುವುದಕ್ಕಿಂತ, ಉಳಿಸುವ ಮುಂಚೆ ಅಷ್ಟು ಹೊತ್ತು ಅವನು ಸುಮ್ಮನಿದ್ದ ರೀತಿ ನನಗೆ ದೊಡ್ಡದಾಗಿ ಕಂಡಿತು. ಅಂದ ಹಾಗೆ, ಆ ರೊಮ್ಯುಲನ್ ಕಮಾಂಡರ್ ಆಗಿ ಬಂದ ಮಾರ್ಕ್ ಲೆನಾರ್ಡ್ ಮುಂದೆ ‘ಜರ್ನಿ ಟು ಬೇಬಲ್’ನಲ್ಲಿ ಸ್ಪಾಕ್‌ನ ಅಪ್ಪ ಸಾರೆಕ್ ಆದರು. ಎರಡನ್ನೂ ಒಂದರ ಹಿಂದೊಂದು ನೋಡಿದರೆ ಒಂದು ಥರಾ ಮಜಾ ಇದೆ.

ನಾನು ತೀರಾ ಹಚ್ಚಿಕೊಂಡದ್ದು ಮಾತ್ರ ಡಾಕ್ಟರ್ ಮೆಕಾಯ್‌ನನ್ನು. ಮೊದಲ ಸೀಸನ್ನಿನ ಆರಂಭದ ಹೆಸರುಗಳಲ್ಲಿ ಡಿಫಾರೆಸ್ಟ್ ಕೆಲ್ಲಿ ಹೆಸರೇ ಇರಲಿಲ್ಲ, ಶಾಟ್ನರ್ ಮತ್ತು ನಿಮೋಯ್ ಇಬ್ಬರದೇ. ಎರಡನೇ ಸೀಸನ್‌ನಿಂದ ಕೆಲ್ಲಿಯವರ ಹೆಸರೂ ಸೇರಿತು. ಅದಕ್ಕೆ ಮುಂಚೆ ಅವರು ಕೌಬಾಯ್ ಚಿತ್ರಗಳಲ್ಲಿ ಖಳರ ಪಾತ್ರ ಮಾಡುತ್ತಿದ್ದವರು. ಆ ಹಿನ್ನೆಲೆ ಇಲ್ಲಿ ಕೆಲಸಕ್ಕೆ ಬಂದಿದೆ ಅನ್ನುವುದು ನನ್ನ ಅಭಿಪ್ರಾಯ. ಬೇರೆಯವರನ್ನು ಚುಚ್ಚುವಾಗ ಕೆಲ್ಲಿ ತಡವರಿಸುವುದಿಲ್ಲ. ಚುಚ್ಚಿ ಮುಗಿದ ಮೇಲೆ ಅರೆಗಳಿಗೆ ಸುಮ್ಮನೆ ನೋಡುತ್ತಾರಲ್ಲ, ಅಲ್ಲಿ ಪೂರ್ತಿ ಮೆಕಾಯ್ ಇದ್ದಾನೆ.

‘ದಿ ಇಮ್ಯೂನಿಟಿ ಸಿಂಡ್ರೋಮ್’ನ ಒಂದು ದೃಶ್ಯವನ್ನು ನಾನು ಎಲ್ಲರಿಗೂ ತೋರಿಸುತ್ತೇನೆ. ದೊಡ್ಡದೊಂದು ಜೀವಕೋಶ ಹಡಗನ್ನು ನುಂಗುವುದರಲ್ಲಿದೆ. ಅದರೊಳಗೆ ಪುಟ್ಟ ನೌಕೆಯಲ್ಲಿ ಒಬ್ಬರು ಹೋಗಬೇಕು, ಹೋದವರು ವಾಪಸ್ ಬರುವುದು ಸಂಶಯ. ನಾನು ಹೋಗುತ್ತೇನೆ ಅಂತ ಮೆಕಾಯ್, ನಾನು ಅಂತ ಸ್ಪಾಕ್. ಕರ್ಕ್ ಸ್ಪಾಕ್‌ನನ್ನು ಆರಿಸುತ್ತಾನೆ. ನೌಕೆ ಹತ್ತುವ ಮುಂಚೆ ಬಾಗಿಲಲ್ಲಿ ಇಬ್ಬರೇ ಎದುರಾಗುತ್ತಾರೆ, ಅಲ್ಲೂ ಜಗಳವೇ. ಕೊನೆಗೆ ಸ್ಪಾಕ್, ನಿಮ್ಮ ಮೂಢನಂಬಿಕೆಗಳಲ್ಲೇ ಒಂದನ್ನು ಬಳಸಿ, ನನಗೆ ಶುಭ ಕೋರಿ ಅನ್ನುತ್ತಾನೆ. ಮೆಕಾಯ್ ಬಾಯಿ ಬಿಡುವುದಿಲ್ಲ. ಬಾಗಿಲಿನ ಗುಂಡಿ ಒತ್ತುತ್ತಾನೆ, ಸ್ಪಾಕ್ ಒಳಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ. ಮುಚ್ಚಿದ ಬಾಗಿಲಿಗೆ ಮೆಕಾಯ್ ಮೆಲ್ಲಗೆ ಶುಭವಾಗಲಿ ಅನ್ನುತ್ತಾನೆ. ಕೇಳಿಸಿಕೊಳ್ಳಬೇಕಾದವನು ಕೇಳಿಸಿಕೊಳ್ಳುವ ಹಾಗಿಲ್ಲ. ಇದನ್ನು ಸ್ಪಾಕ್ ಸುತ್ತಿನಲ್ಲಿ ನೋಡಿದಾಗ ಬಾಗಿಲು ಮುಚ್ಚಿದ ಕೂಡಲೇ ನನ್ನ ಕೆಲಸ ಮುಗಿದಿತ್ತು, ಟಿಪ್ಪಣಿಯೂ ಅಲ್ಲಿಗೇ ನಿಂತಿತ್ತು. ಮೆಕಾಯ್ ಸುತ್ತಿನಲ್ಲಿ ದೃಶ್ಯ ಅಲ್ಲಿಂದಲೇ ಶುರು.

ಆ ಇಬ್ಬರ ಕಿತ್ತಾಟವನ್ನು ಬರೀ ತಮಾಷೆ ಅಂದುಕೊಂಡವರು ‘ಬ್ರೆಡ್ ಅಂಡ್ ಸರ್ಕಸಸ್’ನ ಜೈಲಿನ ದೃಶ್ಯ ನೋಡಬೇಕು. ಸ್ಪಾಕ್ ಸರಳುಗಳನ್ನು ಎಳೆದು ಎಳೆದು ನೋಡುತ್ತಿದ್ದಾನೆ. ಮೆಕಾಯ್ ಅವನಿಗೆ ಥ್ಯಾಂಕ್ಸ್ ಹೇಳಲು ಬಂದವನು, ಅದು ಕೆಟ್ಟುಹೋಗಿ, ಸಾಯಲು ನಿನಗೆ ಭಯವಿಲ್ಲ, ಬದುಕುವುದಕ್ಕೇ ಹೆಚ್ಚು ಭಯ ಅಂತ ಮುಖಕ್ಕೆ ಹೇಳಿಬಿಡುತ್ತಾನೆ. ಸ್ಪಾಕ್ ತಿರುಗಿ ನೋಡುತ್ತಾನೆ, ಒಂದು ಸಣ್ಣ ಉತ್ತರ ಕೊಡುತ್ತಾನೆ. ಆಗ ಮೆಕಾಯ್ ಅನ್ನುವುದು: ಗೊತ್ತು, ಜಿಮ್ (ಅಂದರೆ ಕರ್ಕ್) ಬಗ್ಗೆ ನನಗೂ ಚಿಂತೆಯೇ. ಅಲ್ಲಿಯವರೆಗಿನ ಜಗಳಕ್ಕೆಲ್ಲ ಮೂಲ ಅದೇ ಚಿಂತೆ ಅಂತ ನಮಗೆ ಆಗ ಹೊಳೆಯುತ್ತದೆ. ಇವರಿಬ್ಬರೂ ಒಬ್ಬರ ಮೇಲೊಬ್ಬರಿಗಿರುವ ಅಕ್ಕರೆಯನ್ನು ನೇರವಾಗಿ ಹೇಳುವವರೇ ಅಲ್ಲ, ಮೂರನೆಯವನ ನೆಪ ಬೇಕು.

‘ದಿ ಎಂಪಾತ್’ನಲ್ಲಿ ಮೆಕಾಯ್ ಇದನ್ನೇ ಮಾತಿಲ್ಲದೆ ಮಾಡುತ್ತಾನೆ. ಚಿತ್ರಹಿಂಸೆಗೆ ಒಬ್ಬರು ಹೋಗಬೇಕು. ಮೊದಲು ಕರ್ಕ್‌ಗೆ ನಿದ್ದೆ ಇಂಜೆಕ್ಷನ್. ಕರ್ಕ್ ಮಲಗಿದ ಮೇಲೆ ಅಧಿಕಾರ ತನ್ನದು, ತಾನೇ ಹೋಗುತ್ತೇನೆ ಅಂತ ಸ್ಪಾಕ್ ಸಮಾಧಾನವಾಗಿ ಲೆಕ್ಕ ಹಾಕುತ್ತಿರುವಾಗ ಅವನಿಗೂ ಇಂಜೆಕ್ಷನ್. ಮೂರನೇ ಸೀಸನ್ ಅಂದರೆ ಮೂಗು ಮುರಿಯುವವರು ತುಂಬ ಜನ. ಸ್ಪಾಕ್‌ನ ಮಿದುಳನ್ನೇ ಕದ್ದೊಯ್ಯುವ ಕಥೆಯಿಂದ ಶುರುವಾಗುವ ಸೀಸನ್ನನ್ನು ಪೂರ್ತಿ ಸಮರ್ಥಿಸಿಕೊಳ್ಳಲು ನನಗೂ ಧೈರ್ಯವಿಲ್ಲ. ಆದರೆ ಪಾತ್ರಗಳಿಗಾಗಿ ನೋಡುವವರು ಅದನ್ನು ಬಿಡುವ ಹಾಗಿಲ್ಲ. ‘ದಿ ಥೋಲಿಯನ್ ವೆಬ್’ ಕೂಡ ಅದರಲ್ಲೇ ಇದೆ. ಕರ್ಕ್ ಸತ್ತ ಅಂತಲೇ ಎಲ್ಲರೂ ನಂಬಿರುತ್ತಾರೆ. ತನಗೇನಾದರೂ ಆದರೆ ಕೇಳಿ ಅಂತ ಅವನು ಮೊದಲೇ ಮಾಡಿಟ್ಟ ಟೇಪನ್ನು ಸ್ಪಾಕ್, ಮೆಕಾಯ್ ಇಬ್ಬರೂ ಅವನ ಕೋಣೆಯಲ್ಲಿ ಕೂತು ಕೇಳುತ್ತಾರೆ. ಕೊನೆಗೆ ಕರ್ಕ್ ಜೀವಸಹಿತ ವಾಪಸ್ ಬಂದು, ನನ್ನ ಕಡೇ ಆದೇಶ ಉಪಯೋಗಕ್ಕೆ ಬಂತಾ ಅಂತ ಕೇಳಿದಾಗ, ಕೇಳುವುದಕ್ಕೆ ಪುರುಸೊತ್ತೇ ಆಗಲಿಲ್ಲ ಅಂತ ಇಬ್ಬರೂ ಒಂದೇ ರಾಗ ಹಾಡುತ್ತಾರೆ. ವಲ್ಕನ್ನರು ಸುಳ್ಳು ಹೇಳುವುದಿಲ್ಲ ಅನ್ನುವವರು ಈ ದೃಶ್ಯದಲ್ಲಿ ನಿಮೋಯ್ ಮುಖವನ್ನು ನೋಡಬೇಕು.

ಕರ್ಕ್‌ನ ಸುತ್ತು ಎಲ್ಲಕ್ಕಿಂತ ಕಷ್ಟದ್ದು. ಅವನನ್ನು ಎಲ್ಲರೂ ನೋಡೇ ನೋಡುತ್ತಾರೆ, ಕ್ಯಾಮೆರಾ ಇರುವುದೇ ಅವನಿಗಾಗಿ. ಶಾಟ್ನರ್ ಮಾತಿನ ಮಧ್ಯೆ ನಿಲ್ಲಿಸಿ ನಿಲ್ಲಿಸಿ ಹೇಳುವುದನ್ನು ಅಣಕಿಸದ ಹಾಸ್ಯಗಾರರಿಲ್ಲ. ನಾನು ಆ ಸುತ್ತಿನಲ್ಲಿ ಕರ್ಕ್ ಮಾತಾಡುವ ಜಾಗಗಳನ್ನು ಬಿಟ್ಟು, ಬಾಯಿ ಮುಚ್ಚಿಕೊಂಡಿರುವ ಜಾಗಗಳನ್ನು ಮಾತ್ರ ಬರೆದುಕೊಂಡೆ. ಆಗ ಸಿಕ್ಕವನು ಬೇರೆಯೇ ಮನುಷ್ಯ. ‘ದಿ ಟ್ರಬಲ್ ವಿತ್ ಟ್ರಿಬಲ್ಸ್’ನಲ್ಲಿ ಶತ್ರು ಕುಲದ ಕ್ಲಿಂಗನ್ನರ ಜೊತೆ ಹೊಡೆದಾಡಿದ್ದಕ್ಕೆ ಕರ್ಕ್ ಸ್ಕಾಟಿಯ ವಿಚಾರಣೆ ನಡೆಸುತ್ತಾನೆ. ಕ್ಯಾಪ್ಟನ್‌ನನ್ನು ಬಾಯಿಗೆ ಬಂದ ಹಾಗೆ ಬೈದಾಗ ಹೊಡೆದೆಯಾ? ಇಲ್ಲ ಸರ್, ಅದಕ್ಕೆಲ್ಲ ಹೊಡೆದಾಡಬಾರದು ಅನ್ನಿಸಿತು. ಮತ್ಯಾವಾಗ? ಹಡಗನ್ನು ಬೈದಾಗ. ಈ ಉತ್ತರಗಳನ್ನು ಕೇಳುತ್ತಿರುವಾಗ ಶಾಟ್ನರ್ ಮುಖದಲ್ಲಿ ಸಿಟ್ಟು, ಅವಮಾನ, ನಗು ಮೂರೂ ಸಾಲಾಗಿ ಬಂದು ಹೋಗುತ್ತವೆ. ‘ದಿ ಡೆವಿಲ್ ಇನ್ ದಿ ಡಾರ್ಕ್’ನಲ್ಲಿ ಕಲ್ಲಿನಂಥ ಪ್ರಾಣಿ ಹೋರ್ಟಾ ಸುರಂಗದಲ್ಲಿ ಕರ್ಕ್‌ಗೆ ಎದುರಾಗುತ್ತದೆ. ಅದನ್ನು ಕೊಲ್ಲಬೇಡಿ ಅಂತ ಮೊದಲು ವಾದಿಸಿದ ಸ್ಪಾಕೇ ಈಗ, ಕ್ಯಾಪ್ಟನ್ ಜೀವಕ್ಕೆ ಅಪಾಯ ಅಂದ ಕೂಡಲೇ, ಬೇಗ ಕೊಂದುಬಿಡಿ ಅನ್ನುತ್ತಾನೆ. ಕೊಲ್ಲಲೇಬೇಕು ಅಂತಿದ್ದ ಕರ್ಕ್ ಈಗ ಅದನ್ನೇ ನೋಡುತ್ತಾ ನಿಂತುಬಿಡುತ್ತಾನೆ. ಇಬ್ಬರೂ ಜಾಗ ಅದಲು ಬದಲು ಮಾಡಿಕೊಂಡದ್ದು ಇಬ್ಬರಿಗೂ ಗೊತ್ತಿಲ್ಲ. ಬರೆದವರು ಜೀನ್ ಕೂನ್. ಕ್ಲಿಂಗನ್ನರನ್ನು ಈ ಸರಣಿಗೆ ತಂದವರೂ ಅವರೇ. ರಾಡನ್‌ಬೆರಿಗೆ ಸಿಗುವ ಹೊಗಳಿಕೆಯಲ್ಲಿ ಒಂದು ಪಾಲು ಕೂನ್‌ಗೆ, ಇನ್ನೊಂದು ಪಾಲು ಡೊರೋತಿ ಫೊಂಟಾನಾಗೆ ಹೋಗಬೇಕು ಅನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಡಿ. ಸಿ. ಫೊಂಟಾನಾ ಎಂಬ ಹೆಸರಲ್ಲಿ ಬರೆದ ಆಕೆಯೇ ಸ್ಪಾಕ್‌ಗೆ ‘ಜರ್ನಿ ಟು ಬೇಬಲ್’ನಲ್ಲಿ ಅಪ್ಪ ಅಮ್ಮನನ್ನು ಕೊಟ್ಟದ್ದು.

ಈ ಮೂವರು ಮುಗಿದ ಮೇಲೆ ಅಂಚಿನವರ ಸರದಿ. ನನಗೆ ಇದು ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗ.

ಉಹುರಾಳಿಗೆ ಸಂಭಾಷಣೆ ಕಡಿಮೆ. ನಿಶೆಲ್ ನಿಕೋಲ್ಸ್‌ಗೆ ಅದು ಬೇಸರ ತಂದು, ಮೊದಲ ಸೀಸನ್ ಮುಗಿದಾಗ ಬಿಟ್ಟುಹೋಗಲು ಹೊರಟಿದ್ದರು. ಆಗ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕು, ತಾನು ಈ ಸರಣಿಯ ಅಭಿಮಾನಿ, ನೀವು ಬಿಡಕೂಡದು ಅಂದರು ಅಂತ ಆಕೆ ಜೀವನಪೂರ್ತಿ ಹೇಳುತ್ತಿದ್ದರು. ಮುಂದೆ ನಾಸಾಗೆ ಮಹಿಳೆಯರು, ಬಿಳಿಯರಲ್ಲದವರು ಗಗನಯಾತ್ರಿಗಳಾಗಿ ಸೇರಲಿ ಅಂತ ಆಕೆ ಊರೂರು ಸುತ್ತಿ ಪ್ರಚಾರ ಮಾಡಿದ್ದೂ ಎಲ್ಲರಿಗೂ ಗೊತ್ತಿರುವುದೇ. ನನ್ನ ನೋಟ್‌ಬುಕ್ಕಿನಲ್ಲಿ ಇರುವುದು ಚಿಕ್ಕ ಚಿಕ್ಕ ಸಂಗತಿ. ‘ಚಾರ್ಲಿ ಎಕ್ಸ್’ನಲ್ಲಿ ಸ್ಪಾಕ್ ತನ್ನ ವಾದ್ಯ ನುಡಿಸುತ್ತಿದ್ದರೆ ಉಹುರಾ ಅವನನ್ನೇ ಕಿಚಾಯಿಸಿ ಹಾಡು ಕಟ್ಟಿ ಹಾಡುತ್ತಾಳೆ, ಅವನು ನುಡಿಸುತ್ತಲೇ ಇರುತ್ತಾನೆ. ‘ಹೂ ಮೋರ್ನ್ಸ್ ಫಾರ್ ಅಡೊನಾಯಿಸ್’ನಲ್ಲಿ ಅವಳು ಫಲಕ ಬಿಚ್ಚಿ, ಉಪಕರಣ ಹಿಡಿದು ವೈರುಗಳ ನಡುವೆ ಕೆಲಸ ಮಾಡುತ್ತಿದ್ದಾಳೆ, ಇಂಥ ಕೆಲಸ ಮಾಡಿ ವರ್ಷಗಳಾದವು ಅನ್ನುತ್ತಾಳೆ. ಇದಕ್ಕೆ ನಿನಗಿಂತ ತಕ್ಕವರು ಇನ್ಯಾರೂ ನನಗೆ ಹೊಳೆಯುತ್ತಿಲ್ಲ ಅಂತ ಸ್ಪಾಕ್ ಹೇಳುತ್ತಾನೆ. ಅವನ ಬಾಯಲ್ಲಿ ಇಂಥ ಪ್ರಶಂಸೆ ಕರ್ಕ್‌ಗೂ ಅಪರೂಪ. ಚಿತ್ರೀಕರಣದ ಕ್ರಮದಲ್ಲಿ ನೋಡುವವರಿಗೆ ಇನ್ನೊಂದು ಲಾಭವೂ ಇದೆ: ಮೊದಮೊದಲು ಉಹುರಾ ಚಿನ್ನದ ಬಣ್ಣದ ಸಮವಸ್ತ್ರದಲ್ಲಿ ಬಂದು ಆಮೇಲೆ ಕೆಂಪಿಗೆ ಬದಲಾಗುವುದು ನೇರವಾಗಿ ಕಾಣುತ್ತದೆ. ಆ ಚಿನ್ನದ ಬಣ್ಣ ನಿಜಕ್ಕೂ ಚಿನ್ನದ್ದಲ್ಲ. ಬಟ್ಟೆ ಹಸಿರಿನದು, ಸ್ಟುಡಿಯೋ ದೀಪಕ್ಕೂ ಫಿಲ್ಮಿಗೂ ಸೇರಿ ಹಾಗೆ ಕಾಣುತ್ತಿತ್ತು.

ಸ್ಕಾಟಿಯ ಕೈ ನೋಡುವುದು ಬೇರೆಯೇ ಕಥೆ. ಜೇಮ್ಸ್ ಡೂಹನ್ ಕೆನಡಾ ಸೇನೆಯಲ್ಲಿದ್ದವರು. 1944ರ ಜೂನ್ 6ರಂದು ನಾರ್ಮಂಡಿಯ ಜೂನೋ ತೀರದಲ್ಲಿ ಇಳಿದು, ಗುಂಡೇಟಿನಿಂದ ಬಲಗೈಯ ನಡುಬೆರಳು ಕಳೆದುಕೊಂಡರು. ಸರಣಿಯಲ್ಲಿ ಅದು ಕಾಣದ ಹಾಗೆ ನೋಡಿಕೊಳ್ಳುತ್ತಿದ್ದರು. ಕೈ ಹಿಂದಕ್ಕೆ ಹೋಗುತ್ತದೆ, ಏನಾದರೂ ಹಿಡಿದಿರುತ್ತದೆ, ಇಲ್ಲವೇ ಎಡಗೈ ಮುಂದೆ ಬರುತ್ತದೆ. ಟ್ರಿಬಲ್ ಅನ್ನುವ ರೋಮದ ಉಂಡೆಯಂಥ ಪ್ರಾಣಿಗಳನ್ನು ಎದೆಗವಚಿಕೊಂಡು ಬರುವಾಗ ಮಾತ್ರ ಕಣ್ಣಿಟ್ಟು ನೋಡಿದರೆ ತಿಳಿಯುತ್ತದೆ. ಗೊತ್ತಾದ ಮೇಲೆ ಅವರು ಕೈ ಇಡುವ ಪ್ರತಿ ಭಂಗಿಯೂ ಕಣ್ಣಿಗೆ ಬೀಳುತ್ತದೆ, ಎಂಜಿನ್ ಕೋಣೆಯಲ್ಲಿ ಗಡಿಬಿಡಿಯಿಂದ ಓಡಾಡುವ ಆ ಮನುಷ್ಯನ ಮೇಲೆ ಗೌರವ ಹೆಚ್ಚುತ್ತದೆ.

ಸುಲು ಎರಡನೇ ಸೀಸನ್ನಿನಲ್ಲಿ ಎಷ್ಟೋ ಎಪಿಸೋಡುಗಳಲ್ಲಿ ಕಾಣಿಸುವುದೇ ಇಲ್ಲ, ಜಾರ್ಜ್ ಟಕೇ ಆಗ ಒಂದು ಯುದ್ಧದ ಸಿನಿಮಾದಲ್ಲಿ ಸಿಕ್ಕಿಕೊಂಡಿದ್ದರು. ಅವರಿಗೆಂದು ಬರೆದ ಮಾತುಗಳು ಹೊಸದಾಗಿ ಬಂದ ಚೆಕೋವ್ ಪಾಲಾದವು. ಲೋಕದಲ್ಲಿ ಒಳ್ಳೆಯದೆಲ್ಲ ರಷ್ಯಾದಲ್ಲೇ ಹುಟ್ಟಿದ್ದು ಅನ್ನುವ ಚೆಕೋವ್‌ನ ಜಂಬ ನನಗೆ ಬೇಗ ಸಾಕೆನಿಸಿತು, ಅವನ ಸುತ್ತನ್ನು ಓಡಿಸಿಬಿಟ್ಟೆ.

ಇನ್ನು ಲೆಸ್ಲಿ. ಇವನ ಹೆಸರು ಕೇಳದವರೇ ಹೆಚ್ಚು. ಎಡ್ಡಿ ಪಾಸ್ಕಿ ಅನ್ನುವವರು ಶಾಟ್ನರ್ ಬದಲಿಗೆ ನಿಂತು ದೀಪ ಹೊಂದಿಸಲು ನೆರವಾಗುತ್ತಿದ್ದವರು. ಅವರೇ ಲೆಸ್ಲಿ ಎಂಬ ಅಧಿಕಾರಿಯಾಗಿ ಹಿನ್ನೆಲೆಯಲ್ಲಿ ಅಲ್ಲಿ ಇಲ್ಲಿ ಕೂತಿರುತ್ತಾರೆ, ಹೆಚ್ಚಾಗಿ ಕೆಂಪು ಅಂಗಿಯಲ್ಲಿ. ಕೆಂಪು ಅಂಗಿಯವರು ಈ ಸರಣಿಯಲ್ಲಿ ಉಳಿಯುವುದಿಲ್ಲ ಅನ್ನುವ ಜೋಕು ಎಲ್ಲರಿಗೂ ಗೊತ್ತು. ಲೆಸ್ಲಿಯೂ ‘ಅಬ್ಸೆಷನ್’ನಲ್ಲಿ ಸಾಯುತ್ತಾನೆ. ಆಮೇಲೂ ಏನೂ ಆಗದವನಂತೆ ಓಡಾಡಿಕೊಂಡಿರುತ್ತಾನೆ. ‘ದಿಸ್ ಸೈಡ್ ಆಫ್ ಪ್ಯಾರಡೈಸ್’ನಲ್ಲಿ ಅವನಿಗೆ ಒಂದು ಘಳಿಗೆ ಸಿಕ್ಕಿದೆ. ಹಡಗು ಬಿಟ್ಟು ಎಲ್ಲರೂ ಗ್ರಹಕ್ಕೆ ಹೊರಟು ಸಾಲಿನಲ್ಲಿ ನಿಂತಿದ್ದಾರೆ. ಇದು ದಂಗೆ ಅಂತ ಕರ್ಕ್ ಅಬ್ಬರಿಸಿದಾಗ ಲೆಸ್ಲಿ ಶಾಂತವಾಗಿ, ಹೌದು ಸರ್, ದಂಗೆಯೇ ಅನ್ನುತ್ತಾನೆ. ಅವನನ್ನು ಹುಡುಕುತ್ತಾ ಹೋದರೆ ಪ್ರತಿ ಎಪಿಸೋಡೂ ಹೊಸದಾಗುತ್ತದೆ. ಕಥೆ ಎಷ್ಟೇ ಸಪ್ಪೆಯಿದ್ದರೂ ಮೂಲೆಯಲ್ಲಿ ಲೆಸ್ಲಿ ಸಿಕ್ಕರೆ ನನಗೆ ಕೂತದ್ದಕ್ಕೆ ಮೋಸವಿಲ್ಲ.

ಹೀಗೆ ಅಂಚು ನೋಡಬೇಕಾದರೆ ಯಾವ ಪ್ರತಿ ನೋಡುತ್ತೀರಿ ಅನ್ನುವುದೂ ಮುಖ್ಯ. 2006ರಿಂದ ಹಡಗು, ಗ್ರಹಗಳ ದೃಶ್ಯಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ಹೊಸದಾಗಿ ಮಾಡಿದ ಆವೃತ್ತಿ ಬಂದಿದೆ. ಚೆಂದವಾಗಿಯೇ ಇದೆ. ನನಗೆ ಮಾತ್ರ ಹಳೆಯದೇ ಬೇಕು. ಹೊಸ ದೃಶ್ಯ ಬಂದಾಗಲೆಲ್ಲ ಕಣ್ಣು ತಾಂತ್ರಿಕತೆಯ ಕಡೆ ಹಾರುತ್ತದೆ, ಮನುಷ್ಯರ ಬಳಿಗೆ ವಾಪಸ್ ಬರಲು ಹೊತ್ತು ಹಿಡಿಯುತ್ತದೆ. ಹಳೆಯದರಲ್ಲಿ ಎಲ್ಲವೂ ಕೈಯಿಂದ ಮಾಡಿದ್ದು. ವಾರವಾರವೂ ಹಡಗನ್ನು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ದುಡ್ಡಿರಲಿಲ್ಲ, ಅದಕ್ಕೇ ಮನುಷ್ಯರನ್ನು ಕರಗಿಸಿ ಕೆಳಗೆ ಕಳಿಸುವ ಟ್ರಾನ್ಸ್‌ಪೋರ್ಟರ್ ಬಂತು. ಆ ಮಿಣುಕು, ಬೆಳಕಿನ ಮುಂದೆ ಉದುರಿಸಿದ ಅಲ್ಯೂಮಿನಿಯಂ ಪುಡಿ. ಮೆಕಾಯ್ ಕೈಯಲ್ಲಿರುವ ವೈದ್ಯಕೀಯ ಸಾಧನಗಳಲ್ಲಿ ಕೆಲವು, ‘ದಿ ಮ್ಯಾನ್ ಟ್ರ್ಯಾಪ್’ಗಾಗಿ ಕೊಂಡು ತಂದ ಉಪ್ಪಿನ ಡಬ್ಬಿಗಳು. ತೀರಾ ವಿಚಿತ್ರವಾಗಿದ್ದರಿಂದ ಅವನ್ನು ನೋಡಿದರೆ ಜನಕ್ಕೆ ಉಪ್ಪಿನ ಡಬ್ಬಿ ಅಂತ ಗೊತ್ತಾಗುವುದಿಲ್ಲ ಅಂತ ಮಾಮೂಲು ಡಬ್ಬಿಗಳನ್ನು ಆ ಕಥೆಗೆ ಬಳಸಿ, ಇವನ್ನು ಡಾಕ್ಟರ್ ಪೆಟ್ಟಿಗೆಗೆ ಹಾಕಿದರು.

ಸುತ್ತುಗಳೆಲ್ಲ ಒಂದು ಹಂತಕ್ಕೆ ಬಂದ ಮೇಲೆ ಬರೆಯುವ ಚಟ ಹತ್ತಿತು. ಹೊಸ ಗ್ರಹ, ಹೊಸ ಶತ್ರು ಇಂಥದ್ದೇನೂ ನನಗೆ ಬೇಡ. ಇರುವ ಎಪಿಸೋಡಿನಲ್ಲೇ ತೋರಿಸದೆ ಬಿಟ್ಟ ಐದು ನಿಮಿಷವನ್ನು ಬರೆಯುತ್ತೇನೆ. ‘ದಿ ಥೋಲಿಯನ್ ವೆಬ್’ ಆದ ಮೇಲೆ ಆ ಟೇಪನ್ನು ಎತ್ತಿಟ್ಟವರು ಯಾರು? ಹೋರ್ಟಾದ ಗಾಯಕ್ಕೆ ಕಾಂಕ್ರೀಟ್ ಮೆತ್ತಿ ಗುಣಪಡಿಸಿದ ಮೆಕಾಯ್ ಆ ದಿನದ ವೈದ್ಯಕೀಯ ದಾಖಲೆಯಲ್ಲಿ ಏನು ಬರೆದ? ಇಂಥವು. ಬರೆದದ್ದು ಪಾತ್ರಕ್ಕೆ ಒಪ್ಪುತ್ತದೆಯೇ ಅಂತ ನೋಡಲು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮಾತುಗಳ ಮುಂದಿರುವ ಹೆಸರುಗಳನ್ನೆಲ್ಲ ಅಳಿಸಿ ಗೆಳತಿಗೆ ಓದಲು ಕೊಡುತ್ತೇನೆ. ಅವಳೂ ಈ ಸರಣಿಯ ಹುಚ್ಚಿಯೇ, ನನಗಿಂತ ಕಟ್ಟುನಿಟ್ಟು. ಯಾರ ಮಾತು ಯಾವುದು ಅಂತ ಅವಳು ಗುರುತಿಸಬೇಕು. ಮೆಕಾಯ್ ಮಾತಿನಲ್ಲಿ ಯಂತ್ರದ ಮೇಲೊಂದು ಗೊಣಗಾಟ ಇದ್ದೇ ಇರುತ್ತದೆ, ಅದು ಸುಲಭ. ಸ್ಪಾಕ್ ಎದುರಿನವರ ಮಾತನ್ನು ಸರಿಪಡಿಸಿಯೇ ತನ್ನ ಮಾತು ಶುರುಮಾಡುತ್ತಾನೆ. ಕರ್ಕ್ ಕಷ್ಟ, ಅವನು ತನಗೇನು ಬೇಕು ಅಂತ ಹೇಳುವುದಕ್ಕಿಂತ ಎದುರಿನವರಿಗೆ ಪ್ರಶ್ನೆ ಹಾಕುವುದು ಹೆಚ್ಚು. ಗೆಳತಿ ತಡವರಿಸಿದ ಸಾಲುಗಳನ್ನು ಹೊಡೆದುಹಾಕುತ್ತೇನೆ. ಈ ಪರೀಕ್ಷೆಗೆ ನೋಟ್‌ಬುಕ್ಕೇ ಆಧಾರ, ಅದಿಲ್ಲದಿದ್ದರೆ ಮೂವರೂ ನನ್ನ ಹಾಗೇ ಮಾತಾಡುತ್ತಿದ್ದರು.

ಅಭಿಮಾನಿಗಳ ಬರವಣಿಗೆ ಈ ಸರಣಿಗೆ ಅಂಟಿಕೊಂಡು ಬಂದದ್ದು ಮೊದಲಿನಿಂದಲೂ ಇದೆ. ಸರಣಿ ಇನ್ನೂ ಪ್ರಸಾರವಾಗುತ್ತಿದ್ದಾಗಲೇ, 1967ರಲ್ಲೇ, ಸ್ಪಾಕ್‌ನ ಹೆಸರಿನ ಮೇಲೆಯೇ ಅಭಿಮಾನಿಗಳು ತಮ್ಮದೇ ಪತ್ರಿಕೆ ಅಚ್ಚುಹಾಕಿದ್ದರು. ಎರಡನೇ ಸೀಸನ್ನಿಗೇ ನಿಂತುಹೋಗುತ್ತದೆ ಅನ್ನುವ ಸುದ್ದಿ ಹರಡಿದಾಗ ಬೀಜೋ ಟ್ರಿಂಬಲ್, ಜಾನ್ ಟ್ರಿಂಬಲ್ ದಂಪತಿ ಮುಂದೆ ನಿಂತು ವಾಹಿನಿಗೆ ಪತ್ರಗಳ ಮಳೆ ಸುರಿಸಿದರು. 1968ರ ಮಾರ್ಚ್ 1ರಂದು ಎನ್‌ಬಿಸಿ ತೆರೆಯ ಮೇಲೆಯೇ, ಸರಣಿ ಮುಂದುವರಿಯುತ್ತದೆ ಅಂತ ಪ್ರಕಟಿಸಬೇಕಾಯಿತು. ಆಮೇಲೆ ಅದನ್ನು ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದರು, ರಾಡನ್‌ಬೆರಿ ದಿನನಿತ್ಯದ ಉಸ್ತುವಾರಿಯಿಂದ ಹಿಂದೆ ಸರಿದರು. ಮೂರನೇ ಸೀಸನ್ ಸೊರಗಿದ್ದಕ್ಕೆ ಕಾರಣ ಅಲ್ಲಿದೆ. ಆ ಪತ್ರಗಳಿಲ್ಲದಿದ್ದರೆ ಇಂಜೆಕ್ಷನ್ ಚುಚ್ಚುವ ಮೆಕಾಯ್ ಇಲ್ಲ, ಸುಳ್ಳು ಹೇಳುವ ಸ್ಪಾಕ್ ಇಲ್ಲ. ಸರಣಿಯ ಹಡಗಿನ ಹೆಸರನ್ನು ನಾಸಾ ತನ್ನ ಮೊದಲ ಷಟಲ್‌ಗೆ ಇಟ್ಟದ್ದೂ ಅಭಿಮಾನಿಗಳ ಪತ್ರಗಳಿಂದಲೇ. 1976ರ ಸೆಪ್ಟೆಂಬರ್ 17ರಂದು ‘ಎಂಟರ್‌ಪ್ರೈಸ್’ ಹೊರಬಂದಾಗ ನಟರೂ ಅಲ್ಲಿ ನಿಂತಿದ್ದರು. ಸುಲುವಿನ ಮೊದಲ ಹೆಸರು ‘ಹಿಕಾರು’ ಕೂಡ ಸರಣಿಯದಲ್ಲ. 1981ರ ಒಂದು ಕಾದಂಬರಿಯಿಂದ ಬಂದು, 1991ರ ಸಿನಿಮಾದಲ್ಲಿ ಅಧಿಕೃತವಾಯಿತು.

ಹೊಸಬರಿಗೆ ಎಲ್ಲಿಂದ ಶುರುಮಾಡಿಸಬೇಕು ಅಂತ ಆಗಾಗ ಕೇಳುತ್ತಾರೆ. ‘ದಿ ಕೇಜ್’ನಿಂದ ಬೇಡ. ಎಲ್ಲರೂ ಹೊಗಳುವ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ನಿಂದಲೂ ಬೇಡ. ಅದಕ್ಕೆ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದಿದೆ ನಿಜ, ಆದರೆ ಕರ್ಕ್ ಯಾರು ಅಂತ ಗೊತ್ತಿಲ್ಲದವರಿಗೆ ಅವನು ಅಲ್ಲಿ ಕಳೆದುಕೊಳ್ಳುವುದೇನು ಅಂತ ತಿಳಿಯುವುದಿಲ್ಲ. ‘ದಿ ಡೆವಿಲ್ ಇನ್ ದಿ ಡಾರ್ಕ್’ ಹಾಕಿ. ಹೋರ್ಟಾ ನೆಲಹಾಸಿನ ಅಡಿ ಯಾರೋ ತೆವಳಿದ ಹಾಗೆ ಕಾಣುತ್ತದೆ, ಮೊದಲ ಹತ್ತು ನಿಮಿಷ ನಗುತ್ತಾರೆ, ನಗಲಿ ಬಿಡಿ. ಕೊನೆಗೆ ಅದೇ ಪ್ರಾಣಿಗೆ ಏನಾಗುತ್ತದೋ ಅಂತ ಅವರೇ ಮುಂದಕ್ಕೆ ಬಾಗಿ ಕೂತಿರುತ್ತಾರೆ. ಅದಾದ ಮೇಲೆ ‘ಬ್ಯಾಲೆನ್ಸ್ ಆಫ್ ಟೆರರ್’, ಆಮೇಲೆ ‘ಅಮೋಕ್ ಟೈಮ್’. ಇಷ್ಟಕ್ಕೂ ಅಲುಗದವರನ್ನು ಬಲವಂತ ಮಾಡಿ ಪ್ರಯೋಜನವಿಲ್ಲ.

ಈಗ ನನ್ನ ಸುತ್ತು ನಡೆಯುತ್ತಿರುವುದು 1973–74ರ ಅನಿಮೇಷನ್ ಸರಣಿಯಲ್ಲಿ. ಒಟ್ಟು 22 ಎಪಿಸೋಡು, ದನಿ ಅದೇ ನಟರದು. ಖರ್ಚು ಉಳಿಸಲು ಚೆಕೋವ್‌ನನ್ನು ಕೈಬಿಟ್ಟರು, ಆದರೆ ಆ ಪಾತ್ರ ಮಾಡುತ್ತಿದ್ದ ವಾಲ್ಟರ್ ಕೋನಿಗ್ ಒಂದು ಎಪಿಸೋಡನ್ನು ಬರೆದುಕೊಟ್ಟರು. ಚಿತ್ರಗಳಲ್ಲಿ ಚಲನೆ ಕಡಿಮೆ, ಒಂದೇ ಮುಖ ಮತ್ತೆ ಮತ್ತೆ ಬರುತ್ತದೆ. ಕೇಳಿಸಿಕೊಳ್ಳುವವರ ಮುಖ ನೋಡುವ ನನ್ನ ಕ್ರಮ ಇಲ್ಲಿ ನಡೆಯುವುದಿಲ್ಲ, ಹಾಗಾಗಿ ಕಣ್ಣು ಮುಚ್ಚಿ ದನಿಗಳನ್ನಷ್ಟೇ ಹಿಡಿಯುತ್ತಿದ್ದೇನೆ. ಡೂಹನ್ ಸ್ಕಾಟಿಯ ಜೊತೆಗೆ ಮೂರು ಕೈಯ ಅರೆಕ್ಸ್‌ಗೂ, ಇನ್ನೂ ಎಷ್ಟೋ ಅನ್ಯಗ್ರಹದವರಿಗೂ ದನಿ ಕೊಟ್ಟಿದ್ದಾರೆ. ಅವುಗಳಲ್ಲಿ ಅವರದು ಯಾವುದು, ಬೇರೆಯವರದು ಯಾವುದು ಅಂತ ಬಿಡಿಸುವುದೇ ಸದ್ಯದ ಕೆಲಸ. ಗೆಳತಿ ಈಗಾಗಲೇ ನನಗಿಂತ ಮುಂದಿದ್ದಾಳೆ.